‘ಎ ಲಾಂಗ್ ವೆಕೇಶನ್’ ಕೊಳ್ಳುವುದಾದರೆ ಯಾವುದು? ಹಳೆ ಎಲ್‌ಪಿನಾ, ಸಿ.ಡಿ.ನಾ, ದೊಡ್ಡ ಪೆಟ್ಟಿಗೆನಾ?

ಜಪಾನಿನ ಹಳೆ ಪಾಪ್ ಕೇಳುವ ಹುಚ್ಚು ಹಿಡಿದವರಿಗೆ ಈ ಕವರ್ ಗೊತ್ತೇ ಇರುತ್ತದೆ. ನೀಲಿ ಆಕಾಶ, ಈಜುಕೊಳ, ತಾಳೆಮರ, ಬಿಳಿ ಕೊಡೆ. ಮನುಷ್ಯರ ಸುಳಿವೇ ಇಲ್ಲ. ಹಿರೋಶಿ ನಗಾಯ್ ಬರೆದ ಚಿತ್ರ ಅದು. ಒಳಗಿರುವುದು ಎಯಿಚಿ ಓತಾಕಿಯ ‘ಎ ಲಾಂಗ್ ವೆಕೇಶನ್’. 1981ರ ಮಾರ್ಚ್ 21ರಂದು ಬಂದ ಆಲ್ಬಮ್. ಹತ್ತು ಹಾಡು, ಅಷ್ಟೇ.

ಹಾಡು ಹತ್ತೇ ಆದರೂ ಕೊಳ್ಳೋಕೆ ಹೋದರೆ ತಲೆ ಕೆಡುತ್ತದೆ. 1981ರ ಎಲ್‌ಪಿ, ಅಂದರೆ ರೆಕಾರ್ಡ್ ಪ್ಲೇಯರಿನಲ್ಲಿ ಹಾಕುವ ದೊಡ್ಡ ತಟ್ಟೆ, ಇದೆ. 1982ರ ಸಿ.ಡಿ. ಇದೆ. ಆಮೇಲೆ ಬಂದ ಅಗ್ಗದ ಸಿ.ಡಿ. ಇದೆ. 20, 30, 40ನೇ ವರ್ಷದ ಆವೃತ್ತಿಗಳಿವೆ. 40ನೇ ವರ್ಷದ್ದರಲ್ಲೇ ಸಿ.ಡಿ., ಹೊಸ ಎಲ್‌ಪಿ, ಕ್ಯಾಸೆಟ್, ಮೇಲೊಂದು ಎಲ್ಲ ಒಟ್ಟಿಗೆ ತುಂಬಿದ ದೊಡ್ಡ ಪೆಟ್ಟಿಗೆ. ಯಾವುದನ್ನು ತಗೊಳ್ಳೋದು ಅಂತ ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ಟೋಕಿಯೋಗೆ ಕೆಲಸಕ್ಕೆ ಬರುವ ನಮ್ಮ ಬೆಂಗಳೂರಿನ ಹುಡುಗರಂತೂ ಮೊದಲ ಸಂಬಳ ಬಂದ ಕೂಡಲೇ ಕೇಳುತ್ತಾರೆ.

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಕೇಳೇ ಇಲ್ಲವಾ? ಫೋನಿನಲ್ಲಿ ಕೇಳಿ, ದುಡ್ಡು ಹಾಕಬೇಡಿ. ಇಷ್ಟವಾಯಿತು, ರೆಕಾರ್ಡ್ ಪ್ಲೇಯರ್ ಇಲ್ಲ ಅಂದರೆ 2001ರ ಸಿ.ಡಿ. ಸೆಕೆಂಡ್ ಹ್ಯಾಂಡ್ ಹುಡುಕಿ. ಪ್ಲೇಯರ್ ಇದ್ದರೆ ಬೇರೆ ಮಾತೇ ಬೇಡ, 1981ರ ಹಳೆ ಎಲ್‌ಪಿ. ದೊಡ್ಡ ಪೆಟ್ಟಿಗೆ ಬೇಕಾ ಅಂತ ಇನ್ನೊಬ್ಬರನ್ನು ಕೇಳುತ್ತಿದ್ದೀರಿ ಅಂದರೆ ನಿಮಗೆ ಅದು ಬೇಡ.

ಮೊದಲು, ಕೇಳೋಕೆ ಏನಿದೆ ಅಂತ

ಓತಾಕಿ 1970ರ ಸುಮಾರಿಗೆ ‘ಹ್ಯಾಪಿ ಎಂಡ್’ ಅನ್ನೋ ಬ್ಯಾಂಡ್‌ನಲ್ಲಿದ್ದವರು. ಅದೇ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ತಕಾಶಿ ಮಾತ್ಸುಮೊತೊ ಆಮೇಲೆ ಜಪಾನಿನ ದೊಡ್ಡ ಗೀತರಚನೆಕಾರರಾದರು. ಈ ಆಲ್ಬಮ್ಮಿನ ಹತ್ತರಲ್ಲಿ ಒಂಬತ್ತು ಹಾಡು ಅವರು ಬರೆದದ್ದು. ಆಲ್ಬಮ್ 1980ರಲ್ಲೇ ಬರಬೇಕಿತ್ತು. ಅಷ್ಟರಲ್ಲಿ ಮಾತ್ಸುಮೊತೊ ಅವರ ತಂಗಿ ತೀರಿಕೊಂಡರು. ಬರೆಯೋಕೆ ಆಗಲ್ಲ, ಬೇರೆ ಯಾರ ಹತ್ತಿರವಾದರೂ ಬರೆಸು ಅಂತ ಅವರು ಹೇಳಿದರೂ ಓತಾಕಿ ಬೇರೆಯವರ ಹತ್ತಿರ ಹೋಗಲಿಲ್ಲ, ಕಾದರು. ತಂಗಿ ಹೋದ ಮೇಲೆ ಟೋಕಿಯೋದ ಶಿಬುಯದ ಬೀದಿಯಲ್ಲಿ ನಡೆಯುವಾಗ ಊರೆಲ್ಲ ಕಪ್ಪು ಬಿಳುಪಾಗಿ ಕಾಣಿಸಿತು ಎಂದು ಮಾತ್ಸುಮೊತೊ ಆಮೇಲೆ ಹೇಳಿಕೊಂಡಿದ್ದಾರೆ. ಮೊದಲ ಹಾಡು ‘ಕಿಮಿ ವಾ ತೆನ್ನೆನ್‌ಶೊಕು’ ಹುಟ್ಟಿದ್ದು ಅಲ್ಲಿಂದ. ಕುಣಿಯುವ ಹಾಗಿರುವ ಆ ಹಾಡಿನ ಅಡಿಯಲ್ಲಿ ಇಷ್ಟು ದುಃಖ ಇದೆ ಅಂತ ಗೊತ್ತಾದ ಮೇಲೆ ನನಗಂತೂ ಅದು ಬೇರೆಯೇ ಕೇಳಿಸುತ್ತದೆ. ಈಗಿನ ಹುಡುಗರಿಗೆ ಈ ಹಾಡು ಸಿಕ್ಕಿದ್ದು 2020ರ ‘ಕಾಕುಶಿಗೊತೊ’ ಅನಿಮೆಯ ಕೊನೆಯಲ್ಲಿ.

ಇನ್ನು ಸದ್ದಿನ ವಿಷಯ. ಯಾವ ಆವೃತ್ತಿ ಅನ್ನೋ ಪ್ರಶ್ನೆ ಹುಟ್ಟುವುದೇ ಇದರಿಂದ. ಓತಾಕಿಗೆ 1960ರ ದಶಕದ ಅಮೆರಿಕದ ಸಂಗೀತ ನಿರ್ಮಾಪಕ ಫಿಲ್ ಸ್ಪೆಕ್ಟರ್‌ನ ಧ್ವನಿಮುದ್ರಣ ಅಂದರೆ ಪ್ರಾಣ. ಒಂದು ಗಿಟಾರ್ ಸಾಕಾಗುವ ಕಡೆ ನಾಲ್ಕಾರು ಗಿಟಾರ್ ಕೂರಿಸುವುದು, ಪಿಯಾನೋ ಮೇಲೆ ಪಿಯಾನೋ, ಎಲ್ಲರೂ ಒಂದೇ ಸಲ ನುಡಿಸುವುದು, ಅದರ ಮೇಲೆ ಪ್ರತಿಧ್ವನಿ. ಒಂದೊಂದು ವಾದ್ಯವನ್ನೂ ಬೇರೆ ಮಾಡಿ ಕೇಳೋಕೆ ಆಗಬಾರದು, ಒಟ್ಟಾಗಿ ಒಂದು ಸದ್ದಿನ ಗೋಡೆಯ ಹಾಗೆ ಎದೆಗೆ ಬಂದು ತಾಗಬೇಕು. ಇಂಥ ಸಂಗೀತವನ್ನು ಯಾರು, ಯಾವಾಗ, ಎಷ್ಟು ಜೋರಾಗಿ ಮಾಸ್ಟರಿಂಗ್ ಮಾಡಿದರು (ಅಚ್ಚು ಹಾಕುವ ಮುಂಚೆ ಸದ್ದನ್ನು ಕೊನೆಯದಾಗಿ ಹದಗೊಳಿಸಿದರು) ಅನ್ನೋದು ಕಿವಿಗೆ ಗೊತ್ತಾಗುತ್ತದೆ. ಒಂದು ಗಿಟಾರ್ ಹಿಡಿದು ಹಾಡುವವನ ಆಲ್ಬಮ್ ಆಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ.

ಫೋನಿನಲ್ಲಿ ಸಾಕಾ?

ಕೆಲವರಿಗೆ ಸಾಕು. 2021ರ ಮಾರ್ಚ್ 21ರಿಂದ ಈ ಆಲ್ಬಮ್ ಸ್ಟ್ರೀಮಿಂಗ್‌ನಲ್ಲಿದೆ. ಜಪಾನಿನ ಹಳಬರೆಲ್ಲ ಹೀಗೆ ಸುಲಭವಾಗಿ ಸಿಗಲ್ಲ. ಹಾಡುಗಾರ ತಾತ್ಸುರೊ ಯಮಾಶಿತಾ ಅವರನ್ನೇ ನೋಡಿ. 2022ರಲ್ಲಿ ಹೊಸ ಆಲ್ಬಮ್ ತಂದಾಗ, ತಾನು ಬದುಕಿರುವ ತನಕ ಸ್ಟ್ರೀಮಿಂಗ್‌ಗೆ ಕೊಡುವ ಯೋಚನೆ ಇಲ್ಲ ಎಂಬ ಅರ್ಥದ ಮಾತಾಡಿದ್ದರು. ಅಂಥವರ ಆಲ್ಬಮ್ ಆದರೆ ಅಂಗಡಿಗೆ ಹೋಗದೆ ಗತಿಯಿಲ್ಲ. ಇಲ್ಲಿ ಆ ಬಲವಂತ ಇಲ್ಲ.

ಆದರೆ ಸ್ಟ್ರೀಮಿಂಗ್‌ನಲ್ಲಿ ನಿಮಗೆ ಸಿಗೋದು ಅವರು ಕೊಟ್ಟ ಮಾಸ್ಟರ್ ಮಾತ್ರ. ಹಳೆಯದು ಹೇಗಿತ್ತು ಅಂತ ಹೋಲಿಸಿ ನೋಡೋಕೆ ಆಗಲ್ಲ. ಸಾಹಿತ್ಯದ ಹಾಳೆ ಇಲ್ಲ, ಯಾವ ಹಾಡಿಗೆ ಯಾರು ಗಿಟಾರ್ ಅಂತ ಕಾಣಿಸಲ್ಲ. ನನಗೆ ಅದೇ ದೊಡ್ಡ ಕೊರತೆ. ನಿಮಗೆ ಅದರ ಚಿಂತೆ ಇಲ್ಲವಾದರೆ ಇಲ್ಲಿಗೇ ಓದು ನಿಲ್ಲಿಸಿ, ದುಡ್ಡು ಉಳಿಯಿತು.

ಸಿ.ಡಿ.ಗಳ ಕಥೆ

1982ರ ಅಕ್ಟೋಬರ್ 1ರಂದು ಸೋನಿ ತನ್ನ ಮೊದಲ ಸಿ.ಡಿ. ಪ್ಲೇಯರನ್ನು 1,68,000 ಯೆನ್‌ಗೆ ಮಾರುಕಟ್ಟೆಗೆ ಬಿಟ್ಟಿತು. ಅದೇ ದಿನ ಸಿ.ಬಿ.ಎಸ್.-ಸೋನಿ ಕಂಪನಿ ಐವತ್ತು ಆಲ್ಬಮ್ ಸಿ.ಡಿ.ಯಲ್ಲಿ ತಂದಿತು. ಅದರಲ್ಲಿ ‘ಎ ಲಾಂಗ್ ವೆಕೇಶನ್’ ಕೂಡ ಒಂದು. ಅದರ ನಂಬರ್ 35ಡಿ.ಎಚ್.-1. ಆ ಕಾಲದ ಸೋನಿ ನಂಬರುಗಳಲ್ಲಿ ಮೊದಲ ಎರಡು ಅಂಕೆ ಬೆಲೆ ಹೇಳುತ್ತಿದ್ದವು. 35 ಅಂದರೆ 3,500 ಯೆನ್. 1981ರ ಎಲ್‌ಪಿಯ ನಂಬರ್ 27ರಿಂದ ಶುರುವಾಗುತ್ತದೆ, ಅಂದರೆ 2,700 ಯೆನ್. ಹಳೆ ಅಂಗಡಿಯಲ್ಲಿ ತಡಕಾಡುವಾಗ ಈ ಲೆಕ್ಕ ಗೊತ್ತಿದ್ದರೆ ಕೈಯಲ್ಲಿರುವುದು ಯಾವ ಕಾಲದ್ದು ಅಂತ ಥಟ್ ಅಂತ ತಿಳಿಯುತ್ತದೆ.

ಈ 1982ರ ಸಿ.ಡಿ. ಸಂಗ್ರಹಕಾರರ ಮಾಲು. ಆ ಕಾಲದ ಸಿ.ಡಿ.ಗಳು ಸಾಮಾನ್ಯವಾಗಿ ಮೆಲ್ಲಗಿರುತ್ತವೆ. ವಾಲ್ಯೂಮ್ ಸ್ವಲ್ಪ ಏರಿಸಬೇಕು, ಆದರೆ ಏರಿಳಿತ ಚೆನ್ನಾಗಿ ಉಳಿದಿರುತ್ತದೆ. ಒಂದು ಎಚ್ಚರಿಕೆ ಇದೆ. 1980ರ ದಶಕದ ಜಪಾನಿ ಸಿ.ಡಿ.ಗಳಲ್ಲಿ ಕೆಲವನ್ನು ‘ಪ್ರಿ-ಎಂಫಸಿಸ್’ ಹಾಕಿ ಮಾಡಿದ್ದಾರೆ. ಅಂದರೆ ಕೀರಲು ಸದ್ದನ್ನು ಬೇಕಂತಲೇ ಏರಿಸಿ ತುಂಬಿರುತ್ತಾರೆ, ಪ್ಲೇಯರ್ ಅದನ್ನು ಕಂಡುಹಿಡಿದು ಇಳಿಸುತ್ತದೆ. ಸಿ.ಡಿ. ಪ್ಲೇಯರಿನಲ್ಲಿ ಏನೂ ತೊಂದರೆ ಇಲ್ಲ. ಕಂಪ್ಯೂಟರಿಗೆ ಕಾಪಿ ಮಾಡಿಕೊಂಡರೆ ಮಾತ್ರ ಎಷ್ಟೋ ಸಾಫ್ಟ್‌ವೇರ್ ಇದನ್ನು ಗಮನಿಸುವುದೇ ಇಲ್ಲ, ಹಾಡೆಲ್ಲ ತಗಡಿನ ಸದ್ದು ಮಾಡುತ್ತದೆ. ಜನ ಆಗ ‘ಹಳೆ ಸಿ.ಡಿ. ಚೆನ್ನಾಗಿಲ್ಲ’ ಅಂತ ಬೈಯುತ್ತಾರೆ. ಪಾಪ, ಸಿ.ಡಿ.ಯದ್ದೇನು ತಪ್ಪು?

1990ರ ದಶಕದ ಅಗ್ಗದ ಸಿ.ಡಿ. ಬಗ್ಗೆ ಹೇಳೋದು ಹೆಚ್ಚಿಲ್ಲ. ಕಡಿಮೆ ದುಡ್ಡಿಗೆ ಸಿಗುತ್ತದೆ, ಕೇಳೋಕೆ ಚೆನ್ನಾಗಿದೆ, ಪುಸ್ತಿಕೆ ತೆಳು. ಕಾರಿನಲ್ಲಿ ಇಟ್ಟುಕೊಳ್ಳೋಕೆ ಸರಿ.

ನಾನು ಕೈಗೆತ್ತಿ ಕೊಡುವುದು 2001ರ 20ನೇ ವರ್ಷದ ಸಿ.ಡಿ. ಹೊಸದಾಗಿ ಮಾಸ್ಟರ್ ಮಾಡಿದ್ದು, ಜೊತೆಗೆ ಅದೇ ಡಿಸ್ಕಿನಲ್ಲಿ ದನಿಯಿಲ್ಲದ ವಾದ್ಯಸಂಗೀತವೂ ಇದೆ. ಅದೇನು ಕರೋಕೆ ಹಾಡುವವರಿಗೆ ಅಂತ ಸುಮ್ನೆ ಬಿಟ್ಟುಬಿಡಬೇಡಿ. ಓತಾಕಿ ಕಟ್ಟಿದ ಗೋಡೆಯ ಇಟ್ಟಿಗೆಗಳು ಕಾಣುವುದು ಇಲ್ಲೇ. ದನಿ ತೆಗೆದ ಕೂಡಲೇ ಹಿಂದೆ ಅಡಗಿದ್ದ ಗಿಟಾರ್‌ಗಳ ಗುಂಪು, ಕಿಣಿಕಿಣಿ ಗಂಟೆ, ತಂತಿವಾದ್ಯ ಎಲ್ಲ ಎದುರಿಗೆ ಬರುತ್ತವೆ. ಇದೇ ಆಲ್ಬಮ್ಮಿನ ‘ಕೊಯ್ ಸುರು ಕರೆನ್’ ಹಾಡನ್ನು ಹೀಗೆ ಒಮ್ಮೆ ಕೇಳಿ, ಆಮೇಲೆ ದನಿಯಿರುವುದನ್ನು ಕೇಳಿ. ಯಾವ ಲೇಖನವೂ ಹೇಳಿಕೊಡದಷ್ಟು ಗೊತ್ತಾಗುತ್ತದೆ.

2011ರದ್ದು ಎರಡು ಡಿಸ್ಕಿನದು. ದನಿಯಿಲ್ಲದ್ದು ಪೂರ್ತಿ ಎರಡನೇ ಡಿಸ್ಕಿಗೆ ಹೋಗಿದೆ. ಇದು ಅಂಗಡಿಗೆ ಬಂದದ್ದು ಆ ವರ್ಷದ ಮಾರ್ಚ್ 21ಕ್ಕೆ, ಈಶಾನ್ಯ ಜಪಾನಿನ ಭೂಕಂಪ, ಸುನಾಮಿ ಆಗಿ ಹತ್ತೇ ದಿನ. ಓತಾಕಿ ಹುಟ್ಟಿದ್ದು ಆ ಭಾಗದ ಇವಾತೆಯಲ್ಲಿ. 2013ರ ಡಿಸೆಂಬರ್ 30ರಂದು ಅವರು ತೀರಿಕೊಂಡರು. ಹಾಗಾಗಿ 30ನೇ ವರ್ಷದ್ದು ಅವರು ಬದುಕಿದ್ದಾಗ ಬಂದ ಕೊನೆಯ ಆವೃತ್ತಿ. ಇದೇ ಕಾರಣಕ್ಕೆ ಇದನ್ನೇ ಕೊಳ್ಳುವವರಿದ್ದಾರೆ. ಅದನ್ನು ತಪ್ಪು ಅನ್ನಲಾರೆ. 2021ರ ಸಿ.ಡಿ. ಹೊಸ ಅಂಗಡಿಯಲ್ಲಿ ತಗೊಳ್ಳಬೇಕು ಅನ್ನುವವರಿಗೆ ಒಳ್ಳೆಯದು, ಸದ್ದು ಈಗಿನ ಕಿವಿಗೆ ಹೊಂದುತ್ತದೆ. 2001ರದ್ದು ಕಡಿಮೆ ಬೆಲೆಗೆ ಪಕ್ಕದಲ್ಲೇ ಇದ್ದರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ.

ಬೇರೆ ಜಪಾನಿ ಆಲ್ಬಮ್ ಹುಡುಕುವವರಿಗೂ ಒಂದು ಮಾತು. 2002ರಿಂದ 2004ರ ನಡುವೆ ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಕಾಪಿ ಮಾಡಲಾಗದ ಡಿಸ್ಕು ಮಾರಿದವು. ಅವು ನಿಜವಾದ ಸಿ.ಡಿ. ಮಾನದಂಡಕ್ಕೆ ಹೊಂದುವುದಿಲ್ಲ. ಕೆಲವು ಪ್ಲೇಯರುಗಳು, ಕಂಪ್ಯೂಟರುಗಳು ಅವನ್ನು ಓದಲ್ಲ. ಹಳೆ ಅಂಗಡಿಯಲ್ಲಿ ಆ ವರ್ಷಗಳ ಡಿಸ್ಕು ಸಿಕ್ಕರೆ ಮಾಮೂಲಿ ಸಿ.ಡಿ. ಗುರುತು ಇದೆಯಾ ಅಂತ ನೋಡಿ. ಹಾಗೆಯೇ ‘ಎಸ್.ಎಚ್.ಎಂ.-ಸಿ.ಡಿ.’, ‘ಬ್ಲೂ-ಸ್ಪೆಕ್’ ಅಂತ ಬರೆದಿದ್ದರೆ ಅದಕ್ಕೇ ಜಾಸ್ತಿ ದುಡ್ಡು ಕೊಡಬೇಡಿ. ಪ್ಲಾಸ್ಟಿಕ್ ಮತ್ತು ಕೆತ್ತುವ ವಿಧಾನ ಬೇರೆ, ಅಷ್ಟೇ. ಒಳಗಿನ ಮಾಸ್ಟರ್ ಒಂದೇ ಆಗಿದ್ದರೆ ಹಾಡೂ ಒಂದೇ.

ಎಲ್‌ಪಿ: ಹಳೆಯದಾ, ಹೊಸದಾ?

ನನ್ನ ಹತ್ತಿರ ಇರುವುದು 1981ರದ್ದು. ತಗೊಂಡದ್ದು ಟೋಕಿಯೋದ ಒಚನೊಮಿಜುವಿನಲ್ಲಿ, ಗಿಟಾರ್ ಅಂಗಡಿಗಳ ಸಾಲಿನ ಆಚೆ ಇರುವ ಒಂದು ಹಳೆ ರೆಕಾರ್ಡ್ ಅಂಗಡಿಯಲ್ಲಿ. ಮಳೆಗಾಲ. ಜೊತೆಗೆ ಆಫೀಸಿನ ಹಾಸನದ ಹುಡುಗನೊಬ್ಬ ಬಂದಿದ್ದ. ‘ಓ’ ಅಕ್ಷರದ ಪೆಟ್ಟಿಗೆಯಲ್ಲಿ ಅದೇ ನೀಲಿ ಕವರ್ ಒಂದರ ಹಿಂದೆ ಒಂದು ನಿಂತಿತ್ತು. ಒಂದೊಂದಕ್ಕೂ ಒಂದೊಂದು ಬೆಲೆ. ಪ್ರತಿಯೊಂದರ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಚೀಟಿ: ತಟ್ಟೆ ಎ, ಕವರ್ ಬಿ, ಓಬಿ ಇಲ್ಲ, ಸಾಹಿತ್ಯದ ಹಾಳೆ ಇದೆ. ಓಬಿ ಅಂದರೆ ಕವರಿನ ಎಡಬದಿಗೆ ಸುತ್ತಿರುವ ಕಾಗದದ ಪಟ್ಟಿ. ಬೆಲೆ, ಜಾಹೀರಾತು ಎಲ್ಲ ಅದರ ಮೇಲೆ ಇರುತ್ತದೆ. ಮನೆಗೆ ಬಂದ ಕೂಡಲೇ ಜನ ಅದನ್ನು ಎಸೆಯುತ್ತಿದ್ದರು. ಅದಕ್ಕೇ ಉಳಿದದ್ದಕ್ಕೆ ಈಗ ಬೆಲೆ.

ನಾನು ಓಬಿ ಇಲ್ಲದ್ದನ್ನು ಆರಿಸಿ ಕೌಂಟರಿಗೆ ಒಯ್ದು ‘ಕೆನ್‌ಬಾನ್’ ಅಂದೆ. ತಟ್ಟೆ ನೋಡಬೇಕು ಅಂತ ಕೇಳೋಕೆ ಅಷ್ಟು ಸಾಕು. ವಯಸ್ಸಾದ ಅಂಗಡಿಯವರು ಕೈ ಒರೆಸಿಕೊಂಡು ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಹೊರತೆಗೆದರು. ಟೇಬಲ್ ದೀಪದ ಕೆಳಗೆ ಓರೆ ಮಾಡಿ ತಿರುಗಿಸಿದರು. ಒಂದು ಕೂದಲೆಳೆಯಷ್ಟು ಗೀರು ಬೆಳಕಿಗೆ ಹೊಳೆಯಿತು. ಅವರು ಉಗುರಿನ ತುದಿಯನ್ನು ಅದರ ಹತ್ತಿರ ಒಯ್ದು, ಮುಟ್ಟದೆ, ತಲೆ ಅಲ್ಲಾಡಿಸಿದರು. ಮೇಲ್ಮೈ ಗೀರು, ಸದ್ದು ಬರಲ್ಲ ಅಂತ. ಆಮೇಲೆ ಪ್ಲೇಯರಿಗೆ ಹಾಕಿ ಆ ಜಾಗದಲ್ಲೇ ಮುಳ್ಳು ಇಳಿಸಿ ಕೇಳಿಸಿದರು. ಹಾಸನದವನು ಕಿವಿಯಲ್ಲಿ, ‘ಗುರೂ, ನಮ್ ಕಡೆ ಹೆಣ್ಣು ನೋಡೋಕ್ ಬಂದವ್ರೂ ಇಷ್ಟು ನೋಡಲ್ಲ’ ಅಂದ. ನಗು ತಡೆಯೋಕೆ ಆಗಲಿಲ್ಲ. ಅಂಗಡಿಯವರಿಗೆ ಅರ್ಥವಾಗದಿದ್ದರೂ ಅವರೂ ನಕ್ಕರು.

ಟೋಕಿಯೋದ ನಿಶಿ-ಕಸಾಯ್‌ನ ನನ್ನ ರೂಮಿನಲ್ಲಿ ಆಗ ಸೆಕೆಂಡ್ ಹ್ಯಾಂಡ್ ಪ್ಲೇಯರ್ ಒಂದಿತ್ತು. ಮೊದಲ ಹಾಡು ನೇರವಾಗಿ ಶುರುವಾಗುವುದಿಲ್ಲ. ಮೊದಲು ವಾದ್ಯಗಳ ಶ್ರುತಿ ನೋಡಿಕೊಳ್ಳುವ ಸದ್ದು, ಆಮೇಲೆ ಡ್ರಮ್ ಕಡ್ಡಿಯ ಎಣಿಕೆ, ಆಮೇಲೆ ಧಡ್ ಅಂತ ಎಲ್ಲ ಒಟ್ಟಿಗೆ. ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಅವತ್ತು ಆ ಶ್ರುತಿಯ ಸದ್ದಿನ ಹಿಂದೆ ಸ್ಟುಡಿಯೋದ ಕೋಣೆ ಇದೆ ಅನ್ನಿಸಿತು. ಪಕ್ಕದ ರೂಮಿನವರು ಗೋಡೆ ತಟ್ಟುವ ತನಕ ವಾಲ್ಯೂಮ್ ಏರಿಸಿದ್ದೆ.

ಈಗ ಲೆಕ್ಕಾಚಾರಕ್ಕೆ ಬರೋಣ. ಈ ಆಲ್ಬಮ್ ವರ್ಷಗಳ ಮೇಲೆ ವರ್ಷ ಮಾರಾಟವಾಗಿ ಹತ್ತು ಲಕ್ಷ ದಾಟಿದ್ದು. ಅಂದರೆ 1980ರ ದಶಕದ ಎಲ್‌ಪಿ ಜಪಾನಿನಲ್ಲಿ ಅಪರೂಪದ ಮಾಲೇ ಅಲ್ಲ. ಸಿಟಿ ಪಾಪ್, ಅಂದರೆ ಈ ಥರದ ಹಳೆ ಜಪಾನಿ ಪಾಪ್‌ನ ಹುಚ್ಚು ಜಗತ್ತಿಗೆಲ್ಲ ಹರಡಿ ಬೆಲೆ ಏರಿದೆ, ನಿಜ. ಆದರೂ ಓಬಿಯ ಆಸೆ ಬಿಟ್ಟರೆ 2021ರ ಹೊಸ ಎಲ್‌ಪಿಗಿಂತ ಹಳೆಯದು ಕಡಿಮೆಗೆ ಸಿಗುವುದುಂಟು. ಆ ಕಾಲದ ಜಪಾನಿ ರೆಕಾರ್ಡುಗಳ ಪ್ಲಾಸ್ಟಿಕ್ ಒಳ್ಳೆಯದು, ಜನ ಜೋಪಾನವಾಗಿ ಇಟ್ಟುಕೊಂಡದ್ದೂ ಹೌದು. ಹೊಸದರ ಅನುಕೂಲ ಒಂದೇ: ಗೀರು ಇಲ್ಲ, ಅದೃಷ್ಟದ ಮಾತಿಲ್ಲ. ಊರಿನಲ್ಲಿ ಕೂತು ಕಾಣದೆ ತರಿಸುವವರು ಹೊಸದನ್ನೇ ತಗೊಳ್ಳಲಿ. ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಬಲ್ಲವರು ಹಳೆಯದಕ್ಕೆ ಹೋಗಿ.

ಹಳೆಯದರಲ್ಲಿ ಗೀರಿಗಿಂತ ಹೆಚ್ಚು ನೋಡಬೇಕಾದ್ದು ಬೂಷ್ಟು. ಜಪಾನಿನ ಮಳೆಗಾಲದ ತೇವದ ಹವೆಗೆ ತಟ್ಟೆಯ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ, ಕವರಿನ ಮೇಲೆ ಕಂದು ಚುಕ್ಕೆ ಏಳುತ್ತದೆ. ಚುಕ್ಕೆ ಪರವಾಗಿಲ್ಲ. ತಟ್ಟೆಯ ಬೂಷ್ಟು ತೊಳೆದರೂ ಕೆಲವೊಮ್ಮೆ ಚಟಪಟ ಸದ್ದು ಉಳಿಯುತ್ತದೆ. ಇನ್ನು ತಟ್ಟೆಯ ನಡುವಿನ ಖಾಲಿ ಜಾಗದಲ್ಲಿ ಕೆತ್ತಿರುವ ಅಂಕೆ ನೋಡಿ ಮೊದಲ ಮುದ್ರಣವೋ ಅಲ್ಲವೋ ಅಂತ ಬೆನ್ನು ಹತ್ತುವವರಿದ್ದಾರೆ. ಕೇಳುವವರಿಗೆ ಆ ಗೀಳು ಬೇಕಿಲ್ಲ.

ಪೆಟ್ಟಿಗೆ

40ನೇ ವರ್ಷಕ್ಕೆ ಬಂದ ‘ವಾಕ್ಸ್’ ಪೆಟ್ಟಿಗೆಯಲ್ಲಿ ಸಿ.ಡಿ., ಎಲ್‌ಪಿ, ಕ್ಯಾಸೆಟ್, ಬ್ಲೂ-ರೇ, ಪುಸ್ತಕ ಎಲ್ಲ ಇವೆ. ಧ್ವನಿಮುದ್ರಣದ ಹೊತ್ತಿನ ತುಣುಕುಗಳನ್ನು ಕೇಳಬೇಕು ಅನ್ನುವವರಿಗೆ ಅದು ನಿಧಿ. ಉಳಿದವರಿಗೆ ಕಪಾಟಿನ ಜಾಗ ದಂಡ. ಸೆಕೆಂಡ್ ಹ್ಯಾಂಡ್ ತಗೊಂಡರೆ ಒಳಗೆ ಒಂದೊಂದೂ ಇದೆಯಾ ಅಂತ ಎಣಿಸಿ ನೋಡಿ, ಚಿಕ್ಕಪುಟ್ಟ ಕಾಗದಗಳೇ ಮೊದಲು ಕಳೆದುಹೋಗುವುದು.

ಎಲ್ಲಿ, ಹೇಗೆ

ಹೊಸ ಸಿ.ಡಿ. ಕೊಳ್ಳೋಕೆ ಅಂಗಡಿ ಅಂಗಡಿ ಸುತ್ತಿ ಬೆಲೆ ಕೇಳುವುದು ವ್ಯರ್ಥ. ಜಪಾನಿನಲ್ಲಿ ಪುಸ್ತಕ, ಸಂಗೀತದ ಹೊಸ ಪ್ರತಿಗಳ ಬೆಲೆಯನ್ನು ಪ್ರಕಾಶಕರೇ ಕಟ್ಟುವುದಕ್ಕೆ ಕಾನೂನಿನ ಅವಕಾಶ ಇದೆ. ಹಾಗಾಗಿ ಹೆಚ್ಚಿನ ಕಡೆ ಒಂದೇ ಬೆಲೆ. ಅಂಗಡಿಗಳು ಪೈಪೋಟಿ ಮಾಡುವುದು ಉಡುಗೊರೆಯಲ್ಲಿ: ಒಂದು ಕಡೆ ಪೋಸ್ಟರ್, ಇನ್ನೊಂದು ಕಡೆ ಫೈಲು, ಮತ್ತೊಂದು ಕಡೆ ಸ್ಟಿಕ್ಕರ್. ಶಿಬುಯದ ಟವರ್ ರೆಕಾರ್ಡ್ಸ್‌ನ ಹಳದಿ ಕಟ್ಟಡವನ್ನು ಒಮ್ಮೆ ಹತ್ತಿ ಇಳಿಯಿರಿ. ಅಮೆರಿಕದ ಮೂಲ ಕಂಪನಿ 2006ರಲ್ಲಿ ಬಾಗಿಲು ಹಾಕಿದರೂ ಜಪಾನಿನದು ಅದಕ್ಕೂ ಮುಂಚೆಯೇ ಬೇರೆಯಾಗಿದ್ದರಿಂದ ಇನ್ನೂ ನಡೆಯುತ್ತಿದೆ.

ಸೆಕೆಂಡ್ ಹ್ಯಾಂಡ್‌ಗೆ ಡಿಸ್ಕ್ ಯೂನಿಯನ್‌ನಂಥ ರೆಕಾರ್ಡ್ ಅಂಗಡಿಗಳ ಕಡೆ ಬೆಲೆ ಸ್ವಲ್ಪ ಹೆಚ್ಚು, ಆದರೆ ಚೀಟಿಯಲ್ಲಿ ಬರೆದದ್ದನ್ನು ನಂಬಬಹುದು. ಹಳೆ ಪುಸ್ತಕ, ಸಿ.ಡಿ. ಮಾರುವ ಬುಕ್ ಆಫ್‌ನಲ್ಲಿ ಬೆಲೆ ಕಡಿಮೆ, ಹುಡುಕುವ ಕೆಲಸ ನಿಮ್ಮದು. ಅಗ್ಗದ ಸಾಲಿನಲ್ಲಿ ಬಾಡಿಗೆ ಅಂಗಡಿಯಿಂದ ಬಂದ ಸಿ.ಡಿ.ಗಳೂ ಇರುತ್ತವೆ. ಕವರ್ ಮೇಲೆ ಬಿಡಿಸಲಾಗದ ಸ್ಟಿಕ್ಕರ್ ಇದ್ದರೆ ಅದೇ ಅಂತ ತಿಳಿಯಿರಿ. ಕೇಳೋಕೆ ಅಡ್ಡಿಯಿಲ್ಲ, ಯಾರಿಗಾದರೂ ಕೊಡೋಕೆ ಚೆನ್ನಾಗಿರಲ್ಲ. ಪ್ರವಾಸಕ್ಕೆ ಬಂದವರು ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು ಹೋಗಿ, ತೆರಿಗೆ ವಿನಾಯಿತಿ ಇರುವ ಅಂಗಡಿಗಳಲ್ಲಿ ಅದನ್ನು ಕೇಳುತ್ತಾರೆ.

ಊರಿಗೆ ಒಯ್ಯುವಾಗ ಎಲ್‌ಪಿಯನ್ನು ಚೆಕ್-ಇನ್ ಸೂಟ್‌ಕೇಸಿಗೆ ತುರುಕಬೇಡಿ, ಎರಡು ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲಿ ಒಯ್ಯಿರಿ. ಅಂಚೆಯಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಸಿ.ಡಿ.ಗೆ ದೇಶದ ಗಡಿ ಇಲ್ಲ, ಯಾವ ಪ್ಲೇಯರಿನಲ್ಲೂ ಓಡುತ್ತದೆ. ಜೊತೆಗೆ ಬರುವ ಡಿ.ವಿ.ಡಿ., ಬ್ಲೂ-ರೇಗೆ ಹಾಗಲ್ಲ. ಡಿ.ವಿ.ಡಿ.ಯಲ್ಲಿ ಜಪಾನ್ 2ನೇ ವಲಯ, ನಮ್ಮದು 5. ಬ್ಲೂ-ರೇಯಲ್ಲಿ ಅವರದು ಎ, ನಮ್ಮದು ಸಿ. ವಿಡಿಯೋ ಇದೆ ಅಂತ ಜಾಸ್ತಿ ದುಡ್ಡು ಕೊಡುವ ಮುಂಚೆ ಡಿಸ್ಕಿನ ಮೇಲೆ ವಲಯದ ಗುರುತು ಇದೆಯಾ, ನಿಮ್ಮ ಪ್ಲೇಯರ್ ಅದನ್ನು ಓದುತ್ತದೆಯಾ ನೋಡಿಕೊಳ್ಳಿ. ಮಲೆನಾಡು, ಕರಾವಳಿಯವರಿಗೆ ಇನ್ನೂ ಒಂದು: ಎಲ್‌ಪಿಗಳನ್ನು ಮಲಗಿಸದೆ ನಿಲ್ಲಿಸಿಡಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಜೂನ್ ಬರುವ ಮುಂಚೆ ಅವನ್ನು ಬದಲಾಯಿಸಿ.